ಋಷಿಮೂಲ, ನದಿಮೂಲ, ಆಸ್ತಿಮೂಲ

ಅರ್ಜೆಂಟೀನಾದ ಅಧ್ಯಕ್ಷ ಹವಿಯೆರ್ ಮಿಲೇ ಅವರ ನಾಯಿಗಳಲ್ಲಿ ಒಂದರ ಹೆಸರು ಮರ್ರೆ. ಸತ್ತುಹೋದ ಮೆಚ್ಚಿನ ಮ್ಯಾಸ್ಟಿಫ್ ನಾಯಿಯ ತದ್ರೂಪಿ ಮರಿಗಳನ್ನು ಮಾಡಿಸಿಕೊಂಡು, ಅವಕ್ಕೆ ತಮಗಿಷ್ಟವಾದ ಅರ್ಥಶಾಸ್ತ್ರಜ್ಞರ ಹೆಸರಿಟ್ಟವರು ಅವರು. ಮಿಲ್ಟನ್, ರಾಬರ್ಟ್, ಲೂಕಾಸ್‌ಗಳ ಜೊತೆ ಈ ಮರ್ರೆ. ಅಂದರೆ ನ್ಯೂಯಾರ್ಕಿನ ಮರ್ರೆ ರಾತ್‌ಬಾರ್ಡ್. ತೆರಿಗೆ ಎಂದರೆ ಕಳವು, ಸರ್ಕಾರ ಎಂದರೆ ಕಳ್ಳರ ಕೂಟ, ಪೊಲೀಸು-ಕೋರ್ಟು-ರಸ್ತೆ ಎಲ್ಲವನ್ನೂ ಮಾರುಕಟ್ಟೆಯೇ ಒದಗಿಸಬಲ್ಲದು ಎಂದು ಬದುಕಿಡೀ ಬರೆದವನು ಈತ. ಅವನ ಶಿಷ್ಯ ತಾನೆಂದು ಹೇಳಿಕೊಳ್ಳುವ ಮಿಲೇ 2023ರ ಡಿಸೆಂಬರಿನಲ್ಲಿ ಗದ್ದುಗೆ ಏರಿದೊಡನೆ 18 ಮಂತ್ರಾಲಯಗಳನ್ನು 9ಕ್ಕೆ ಇಳಿಸಿದರು. ಅದೇ ತಿಂಗಳು ರಸ್ತೆತಡೆ ನಡೆಸುವ ಚಳವಳಿಗಾರರನ್ನು ಚದುರಿಸಲು ಪೊಲೀಸರಿಗೆ ಹೊಸ ನಿಯಮಾವಳಿ ಬಂತು. 2025ರ ಏಪ್ರಿಲಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 2,000 ಕೋಟಿ ಡಾಲರ್ ಸಾಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಖಜಾನೆ ಇಲಾಖೆಯೊಂದಿಗೆ ಮತ್ತೆ 2,000 ಕೋಟಿ ಡಾಲರಿನ ಕರೆನ್ಸಿ ವಿನಿಮಯದ ಒಪ್ಪಂದ. ಮಂತ್ರಾಲಯಗಳು ಅರ್ಧಕ್ಕೆ ಇಳಿದವು, ಲಾಠಿ ಇಳಿಯಲಿಲ್ಲ. ಕಾಸು ಬಂದದ್ದು ಸರ್ಕಾರಗಳ ಕಿಸೆಯಿಂದಲೇ.

ಇದು ಒಬ್ಬ ರಾಜಕಾರಣಿಯ ಇಬ್ಬಂದಿತನ ಎಂದು ನಕ್ಕು ಸುಮ್ಮನಾಗಬಹುದು. ನನಗೆ ಇದು ಒಂದು ಪರಂಪರೆಯ ಹಳೆಯ ಕಾಯಿಲೆಯಂತೆ ಕಾಣುತ್ತದೆ. ಅರಾಜಕತಾವಾದಿಗಳು ಎಂದಾಗ ನಮ್ಮ ಓದುಗರಿಗೆ ಬಕೂನಿನ್, ಕ್ರೊಪಾಟ್ಕಿನ್, ಎಮ್ಮಾ ಗೋಲ್ಡ್‌ಮನ್ ನೆನಪಾಗುತ್ತಾರೆ. ಅವರಿಗೆ ಸರ್ಕಾರವೂ ಬೇಡ, ಬಂಡವಾಳವೂ ಬೇಡ. ಮಾರುಕಟ್ಟೆ ಅರಾಜಕತಾವಾದಿಗಳ ದಾರಿ ಬೇರೆ. ಸರ್ಕಾರ ಬೇಡ, ಕೊಳ್ಳುವುದು, ಮಾರುವುದು, ಕರಾರು, ಪೈಪೋಟಿ ಎಲ್ಲ ಬೇಕು. ಸರ್ಕಾರವನ್ನು ಇವರಷ್ಟು ಕೂಲಂಕಷವಾಗಿ, ಜಮಾಖರ್ಚಿನ ಪುಸ್ತಕ ಮುಂದಿಟ್ಟುಕೊಂಡು ಬೈದವರು ಬೇರೆ ಯಾರೂ ಇಲ್ಲ. ಆದರೆ ಆ ಬೈಗುಳಕ್ಕೆ ಎಷ್ಟು ಬೆಲೆ ಎನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಈಗ ಯಾರ ಕೈಯಲ್ಲಿ ಏನಿದೆಯೋ ಅದು ಅವರ ಕೈಗೆ ಬಂದದ್ದು ಹೇಗೆ? ಋಷಿಮೂಲ, ನದಿಮೂಲ ಕೇಳಬಾರದು ಅನ್ನುತ್ತೇವಲ್ಲ, ಆ ಪಟ್ಟಿಗೆ ಆಸ್ತಿಮೂಲವನ್ನೂ ಸೇರಿಸಿದವರು ಈ ಪರಂಪರೆಯಲ್ಲಿ ಬಹಳ ಮಂದಿ. ಕೇಳಿದಷ್ಟು ಕಾಲ ಇವರು ನಿಜವಾಗಿ ಸರ್ಕಾರದ ವಿರೋಧಿಗಳಾಗಿದ್ದರು. ಕೇಳುವುದನ್ನು ಬಿಟ್ಟಲ್ಲೆಲ್ಲ ಸರ್ಕಾರ ಹಿಂಬಾಗಿಲಿನಿಂದ ಒಳಗೆ ಬಂತು.

ಕಥೆ ಶುರುವಾಗುವುದು ಒಂದು ಅಂಗಡಿಯಿಂದ. ಜೋಸಾಯಾ ವಾರೆನ್ ಎಂಬ ಸಂಗೀತಗಾರ 1827ರ ಮೇ ತಿಂಗಳಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಅದನ್ನು ತೆರೆದ. ಅದಕ್ಕೆ ಮುಂಚೆ ರಾಬರ್ಟ್ ಓವೆನ್ ಇಂಡಿಯಾನಾದಲ್ಲಿ ಕಟ್ಟಿದ್ದ ನ್ಯೂ ಹಾರ್ಮನಿ ಎಂಬ ಸಮಷ್ಟಿ ವಸಾಹತಿನಲ್ಲಿದ್ದು, ಎಲ್ಲವೂ ಎಲ್ಲರದು ಎಂದು ಶುರುವಾದ ಪ್ರಯೋಗ ಎರಡೇ ವರ್ಷದಲ್ಲಿ ಜಗಳವಾಗಿ ಒಡೆದದ್ದನ್ನು ಕಣ್ಣಾರೆ ಕಂಡು ಬಂದಿದ್ದ. ಅಂಗಡಿಯಲ್ಲೊಂದು ಗಡಿಯಾರ. ಸಾಮಾನಿನ ಅಸಲು ಮತ್ತು ಸಾಗಣೆ-ಬಾಡಿಗೆಗಳ ಸಣ್ಣ ಪಾಲು, ಇಷ್ಟನ್ನು ಗಿರಾಕಿ ನಗದು ಕೊಡಬೇಕು. ಅದರ ಮೇಲೆ ಲಾಭ ಇಲ್ಲ. ಬದಲಿಗೆ, ವ್ಯಾಪಾರಕ್ಕೆ ಅಂಗಡಿಯವನ ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ, ಅಷ್ಟು ಹೊತ್ತು ತನ್ನ ಕಸುಬಿನ ಕೆಲಸ ಮಾಡಿಕೊಡುತ್ತೇನೆಂದು ಗಿರಾಕಿ ಚೀಟಿ ಬರೆದುಕೊಡಬೇಕು. ಬಡಗಿಯದು ಬಡಗಿ ಕೆಲಸ, ದರ್ಜಿಯದು ಹೊಲಿಗೆ. ಚೌಕಾಸಿಗೆ ನಿಂತರೆ ಗಡಿಯಾರ ಓಡುತ್ತಲೇ ಇರುತ್ತದೆ! ಮೂರು ವರ್ಷ ನಡೆಸಿ, ಇದು ಆಗುವ ಕೆಲಸ ಎಂದು ತೋರಿಸಿಯಾಯಿತು ಎಂದು ತಾನೇ ಬಾಗಿಲು ಹಾಕಿದ. ವಾರೆನ್‌ಗೆ ಮಾರುಕಟ್ಟೆ ಎಂದರೆ ದುಡಿಮೆಗೆ ದುಡಿಮೆ. ದುಡಿಯದೆ ಬರುವ ಬಡ್ಡಿ, ಬಾಡಿಗೆ, ಲಾಭ ಇವೆಲ್ಲ ಎಲ್ಲೋ ಒಂದು ಕಡೆ ಯಾರೋ ದಾರಿ ಅಡ್ಡಗಟ್ಟಿದ್ದರಿಂದ ಹುಟ್ಟಿದವು. ಆ ಅಡ್ಡಗಟ್ಟಿದವನು ಸರ್ಕಾರ ಎಂಬುದು ಅವನ ನಂತರದವರ ಶೋಧ.

ಅವರಲ್ಲಿ ನನಗೆ ಅತ್ಯಂತ ಪ್ರಿಯನಾದವನು ಮ್ಯಾಸಚೂಸೆಟ್ಸಿನ ವಕೀಲ ಲೈಸ್ಯಾಂಡರ್ ಸ್ಪೂನರ್. ಅವನ ಜಗಳ ಶುರುವಾದದ್ದೇ ವಕೀಲಿಯ ಸನ್ನದಿನಿಂದ. ಕಾಲೇಜು ಓದಿದವನು ಹಿರಿಯ ವಕೀಲರ ಕೈಕೆಳಗೆ 3 ವರ್ಷ ಕಲಿತರೆ ಸಾಕು, ಓದದವನು 5 ವರ್ಷ ಕಲಿಯಬೇಕು ಎಂಬ ನಿಯಮವಿತ್ತು. ಕಾಲೇಜಿಗೆ ಹೋಗಲು ದುಡ್ಡಿಲ್ಲದವನಿಗೇ ಎರಡು ವರ್ಷ ಹೆಚ್ಚಿನ ಶಿಕ್ಷೆ! ಸ್ಪೂನರ್ 3 ವರ್ಷಕ್ಕೇ ಬೋರ್ಡು ಹಾಕಿ ಕೂತ. 1836ರಲ್ಲಿ ಶಾಸನಸಭೆ ಆ ನಿಯಮವನ್ನು ತೆಗೆದುಹಾಕಿತು. 1844ರಲ್ಲಿ ಅವನು ಅಮೆರಿಕನ್ ಲೆಟರ್ ಮೇಲ್ ಕಂಪನಿ ಎಂಬ ಖಾಸಗಿ ಅಂಚೆ ತೆರೆದು ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಲ್ಟಿಮೋರ್ ನಡುವೆ ಕಾಗದ ಹಂಚತೊಡಗಿದ. ಆಗ ಸರ್ಕಾರಿ ಅಂಚೆಯಲ್ಲಿ ದೂರದ ಊರಿಗೆ ಒಂದು ಹಾಳೆ ಕಳಿಸಲು 25 ಸೆಂಟ್‌ವರೆಗೂ ತಗಲುತ್ತಿತ್ತು. ಸ್ಪೂನರ್ ಅದರ ಒಂದು ಸಣ್ಣ ಭಾಗಕ್ಕೆ ಮುಟ್ಟಿಸುತ್ತಿದ್ದ. ಸರ್ಕಾರ ಅವನ ಏಜೆಂಟರನ್ನು ಹಿಡಿಸಿತು, ಮೊಕದ್ದಮೆ ಹೂಡಿತು, ಕಂಪನಿ ಸ್ವಲ್ಪ ಕಾಲದಲ್ಲೇ ಮುಚ್ಚಿತು. ಆದರೆ 1845ರಲ್ಲಿ ಕಾಂಗ್ರೆಸ್ 300 ಮೈಲಿಯವರೆಗೆ 5 ಸೆಂಟ್ ಎಂದು ದರ ಇಳಿಸಿತು, 1851ರಲ್ಲಿ ಮುಂಗಡ ಕೊಟ್ಟವರಿಗೆ 3 ಸೆಂಟ್ ಮಾಡಿತು. ಜೊತೆಗೇ ಏಕಸ್ವಾಮ್ಯದ ಕಾನೂನನ್ನು ಬಿಗಿ ಮಾಡಿತು. ಸರ್ಕಾರದ ಎರಡೂ ಮುಖ ಇಲ್ಲಿವೆ: ಪೈಪೋಟಿ ಬಂದಾಗ ಅದಕ್ಕೆ ಬುದ್ಧಿ ಬರುತ್ತದೆ, ಬುದ್ಧಿ ಕಲಿಸಿದವನನ್ನು ಮಾತ್ರ ಅದು ಬಿಡುವುದಿಲ್ಲ.

ಸ್ಪೂನರನ ಖ್ಯಾತಿ ನಿಂತಿರುವುದು ಅಂತರ್ಯುದ್ಧ ಮುಗಿದ ಮೇಲೆ, 1867ರಿಂದ 1870ರ ನಡುವೆ ಅವನು ಬರೆದ ನೋ ಟ್ರೀಸನ್ ಎಂಬ ಪುಸ್ತಿಕೆಗಳ ಮೇಲೆ. ವಾದ ವಕೀಲನ ವಾದವೇ. ಸಂವಿಧಾನ ಒಂದು ಕರಾರು ಅನ್ನುತ್ತೀರಿ. ಹತ್ತು ಡಾಲರಿನ ಸಾಲಪತ್ರಕ್ಕೂ ರುಜು ಬೇಕು. ಈ ಪತ್ರಕ್ಕೆ ಈಗ ಬದುಕಿರುವವರಲ್ಲಿ ಯಾರು ರುಜು ಹಾಕಿದ್ದಾರೆ? ಮತ ಹಾಕಿದ್ದೇ ಒಪ್ಪಿಗೆ ಎಂದರೆ, ಮತ ಗುಟ್ಟಿನದು, ಯಾರು ಯಾರನ್ನು ನೇಮಿಸಿದರೆಂಬುದಕ್ಕೆ ಪುರಾವೆಯೇ ಇಲ್ಲ. ತೆರಿಗೆ ಕಟ್ಟಿದ್ದು ಒಪ್ಪಿಗೆಯೇ ಎಂದರೆ, ದಾರಿಗಳ್ಳನಿಗೆ ಕೈಚೀಲ ಕೊಟ್ಟದ್ದೂ ಒಪ್ಪಿಗೆಯೇ. ಇದನ್ನು ಈಗಿನವರು ಬಾಯಿಪಾಠದಂತೆ ಒಪ್ಪಿಸುತ್ತಾರೆ. ಅವರು ಅಷ್ಟಾಗಿ ಎತ್ತದ ಸ್ಪೂನರ್ ಇನ್ನೊಬ್ಬನಿದ್ದಾನೆ. 1858ರಲ್ಲಿ ಗುಲಾಮಗಿರಿಯ ನಾಶಕ್ಕೆಂದು ಅವನು ಹಂಚಿದ ಕರಪತ್ರದಲ್ಲಿ, ಗುಲಾಮರು ದಂಗೆ ಎದ್ದು ಒಡೆಯರ ಆಸ್ತಿಯನ್ನು ತಮ್ಮ ದುಡಿಮೆಯ ಬಾಕಿಯೆಂದು ವಶಪಡಿಸಿಕೊಳ್ಳಬೇಕು, ಬಿಳಿಯರು ಅದಕ್ಕೆ ನೆರವಾಗಬೇಕು ಎಂಬ ಯೋಜನೆಯಿತ್ತು. ಹತ್ತಿಯ ತೋಟ ಯಾರ ಹೆಸರಿನಲ್ಲಿದೆ ಎಂಬುದು ಅವನಿಗೆ ಮುಖ್ಯವಾಗಲಿಲ್ಲ. ಅದನ್ನು ಬೆಳೆಸಿದವರು ಯಾರು, ಅವರಿಗೆ ಕೂಲಿ ಸಂದಿದೆಯೇ ಎಂದು ಕೇಳಿದ.

ಈ ಎಳೆಗಳನ್ನು ಸೇರಿಸಿ ಹೆಣೆದವನು ಬೆಂಜಮಿನ್ ಟಕ್ಕರ್. 1872ರಲ್ಲಿ ಹದಿಹರೆಯದ ವಿದ್ಯಾರ್ಥಿಯಾಗಿ ಮುದುಕ ವಾರೆನ್‌ನನ್ನು ಕಂಡ, 1876ರಲ್ಲಿ ಫ್ರೆಂಚ್ ಅರಾಜಕತಾವಾದಿ ಪ್ರೂದೋನನ ಆಸ್ತಿಯ ಕುರಿತ ಪುಸ್ತಕವನ್ನು ಇಂಗ್ಲಿಷಿಗೆ ತಂದ, 1881ರಿಂದ 1908ರವರೆಗೆ ಲಿಬರ್ಟಿ ಎಂಬ ಪತ್ರಿಕೆ ನಡೆಸಿದ. ದುಡಿಯುವವನ ಫಲ ದುಡಿಯದವನ ಪಾಲಾಗುವುದು ನಾಲ್ಕು ಏಕಸ್ವಾಮ್ಯಗಳಿಂದ ಎಂದು ಅವನು ಲೆಕ್ಕ ಹಾಕಿದ. ಹಣ ಹೊರಡಿಸುವ ಹಕ್ಕು ಕೆಲವೇ ಬ್ಯಾಂಕುಗಳಿಗೆ, ಆದ್ದರಿಂದ ಬಡ್ಡಿ. ಉಳದ, ವಾಸಿಸದ ಜಮೀನಿಗೂ ಪಟ್ಟಾ, ಆದ್ದರಿಂದ ಗೇಣಿ. ಆಮದು ಸುಂಕದ ಗೋಡೆ, ಆದ್ದರಿಂದ ಒಳಗಿನ ಕಾರ್ಖಾನೆಯವನಿಗೆ ಮನಬಂದ ಬೆಲೆ. ಪೇಟೆಂಟು ಮತ್ತು ಕೃತಿಸ್ವಾಮ್ಯ, ಆದ್ದರಿಂದ ಶೋಧದ ಮೇಲೆ ಕಪ್ಪಕಾಣಿಕೆ. ನಾಲ್ಕಕ್ಕೂ ಕಾವಲು ಸರ್ಕಾರ. ಕಾವಲನ್ನು ತೆಗೆಯಿರಿ, ಪೈಪೋಟಿಯೇ ಬಂಡವಾಳಗಾರನ ಸುಲಿಗೆಯನ್ನು ಕರಗಿಸುತ್ತದೆ. ಟಕ್ಕರ್ ತನ್ನನ್ನು ಸಮಾಜವಾದಿ ಎಂದೇ ಕರೆದುಕೊಳ್ಳುತ್ತಿದ್ದ. ಈಗ ಅವನನ್ನು ತಮ್ಮ ಪೂರ್ವಜನೆಂದು ಹೇಳಿಕೊಳ್ಳುವ ಅನೇಕರು ಆ ಮಾತು ಬಂದಾಗ ಕೆಮ್ಮುತ್ತಾರೆ.

ಪೊಲೀಸು ಕೆಲಸವೂ ಮಾರುಕಟ್ಟೆಗೆ ಬರಬೇಕು ಎಂಬ ಯೋಚನೆ ಬಂದದ್ದು ಇನ್ನೊಂದು ದಿಕ್ಕಿನಿಂದ. ಬೆಲ್ಜಿಯಂನಲ್ಲಿ ಹುಟ್ಟಿದ ಗುಸ್ತಾವ್ ದ ಮೊಲಿನಾರಿ 1849ರಲ್ಲಿ ಪ್ಯಾರಿಸ್ಸಿನ ಅರ್ಥಶಾಸ್ತ್ರಜ್ಞರ ಪತ್ರಿಕೆಯಲ್ಲಿ, ರೊಟ್ಟಿ-ಬಟ್ಟೆಗೆ ಪೈಪೋಟಿ ಒಳ್ಳೆಯದಾದರೆ ರಕ್ಷಣೆಗೂ ಯಾಕಾಗಬಾರದು ಎಂದು ಬರೆದ. ಬಾಸ್ತಿಯಾನಂಥ ಕಟ್ಟಾ ಮುಕ್ತ ವ್ಯಾಪಾರವಾದಿಗಳೂ ಒಪ್ಪಲಿಲ್ಲ. ಪೈಪೋಟಿ ನಡೆಯಬೇಕಾದರೆ ಅದರ ಮೇಲೊಂದು ಅಂತಿಮ ಶಕ್ತಿ ಬೇಕೇ ಬೇಕು ಎಂದರು.

ಯಾರು ಸರಿ? ಪುಸ್ತಕಕ್ಕಿಂತ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್ ಊರನ್ನು ನೋಡುವುದು ಲೇಸು. 1892ರ ಜುಲೈ 6ರಂದು ಕಾರ್ನೆಗಿಯ ಉಕ್ಕಿನ ಕಾರ್ಖಾನೆಗೆ ಬೀಗ ಹಾಕಿದ್ದಾಗ, ಆಡಳಿತದವರು ಪಿಂಕರ್ಟನ್ ಎಂಬ ಖಾಸಗಿ ಏಜೆನ್ಸಿಯ 300 ಬಂದೂಕುಧಾರಿಗಳನ್ನು ದೋಣಿಗಳಲ್ಲಿ ಮೊನಾಂಗಹೀಲಾ ನದಿಯ ಮೇಲೆ ತರಿಸಿದರು. ದಡದಲ್ಲಿ ಕಾರ್ಮಿಕರು. ದಿನವಿಡೀ ಗುಂಡಿನ ಕಾಳಗ. ಎರಡೂ ಕಡೆ ಸಾವು. ಪಿಂಕರ್ಟನ್ ಜನ ಸೋತು ಶರಣಾದರು. ಆಮೇಲೆ ಬಂದದ್ದು ರಾಜ್ಯದ 8,000ಕ್ಕೂ ಮೀರಿದ ಮಿಲಿಷಿಯಾ. ಮುಷ್ಕರ ಮುರಿದದ್ದು ಅದರಿಂದ. ಇದೇ ರಾಜ್ಯದಲ್ಲಿ 1866ರಿಂದ ಕಲ್ಲಿದ್ದಲು-ಕಬ್ಬಿಣ ಕಂಪನಿಗಳಿಗೆ ಸ್ವಂತ ಪೊಲೀಸರನ್ನಿಟ್ಟುಕೊಳ್ಳುವ ಅನುಮತಿಯಿತ್ತು. ಸಂಬಳ ಕಂಪನಿಯದು, ಬಿಲ್ಲೆ ಸರ್ಕಾರದ್ದು. ಒಬ್ಬನಿಗೆ ಒಂದು ಡಾಲರ್ ಶುಲ್ಕ. ಮೊಲಿನಾರಿ ಕಲ್ಪಿಸಿದ ರಕ್ಷಣೆಯ ಮಾರುಕಟ್ಟೆ ಅಲ್ಲಿ ಅಕ್ಷರಶಃ ಇತ್ತು. ಅದರ ಗಿರಾಕಿಗಳು ಮಾತ್ರ ಗಣಿ ಮಾಲೀಕರು, ಸರಕು ಗಣಿ ಕಾರ್ಮಿಕರ ಬೆನ್ನು. ಟಕ್ಕರನ ಪರವಾಗಿ ಒಬ್ಬರು ಇದಕ್ಕೆ ಉತ್ತರಿಸಬಲ್ಲರು: ಕಾರ್ನೆಗಿಯ ಉಕ್ಕು ಸುಂಕದ ಗೋಡೆಯ ಹಿಂದೆ ಬೆಳೆದದ್ದು, ಪಿಂಕರ್ಟನ್‌ಗೆ ಕೊಟ್ಟ ಕಾಸು ಮೂಲದಲ್ಲಿ ಸರ್ಕಾರ ಕಟ್ಟಿಕೊಟ್ಟ ಕಾಸು ಎಂದು. ಉತ್ತರ ಗಟ್ಟಿಯಾಗಿಯೇ ಇದೆ. ಆದರೆ ಅದು ಗಟ್ಟಿಯಾಗಿರುವುದು ಆಸ್ತಿಮೂಲ ಕೇಳುವವನ ಬಾಯಲ್ಲಿ ಮಾತ್ರ.

ಇಪ್ಪತ್ತನೆಯ ಶತಮಾನದಲ್ಲಿ ಮೊಲಿನಾರಿಯನ್ನೂ ಸ್ಪೂನರನನ್ನೂ ಆಸ್ಟ್ರಿಯನ್ ಅರ್ಥಶಾಸ್ತ್ರದ ಜೊತೆ ಬೆಸೆದವನು ರಾತ್‌ಬಾರ್ಡ್. ಬ್ರಾಂಕ್ಸ್‌ನಲ್ಲಿ 1926ರಲ್ಲಿ ಹುಟ್ಟಿದ ಈತ ಲುಡ್ವಿಗ್ ಫಾನ್ ಮೀಸೆಸ್‌ನ ಶಿಷ್ಯ. ಮನುಷ್ಯನಿಗೆ ತನ್ನ ದೇಹದ ಮೇಲೆ ಒಡೆತನ. ಯಾರೂ ಮುಟ್ಟದ ನೆಲಕ್ಕೆ ತನ್ನ ದುಡಿಮೆ ಬೆರೆಸಿದವನಿಗೆ ಆ ನೆಲದ ಒಡೆತನ. ಉಳಿದದ್ದೆಲ್ಲ ಇಚ್ಛೆಯಿಂದ ನಡೆವ ವಿನಿಮಯ. ಈ ಮೂರು ಮಾತಿನಿಂದ ಅವನು ಒಂದು ಇಡೀ ಕಾನೂನು ಸಂಹಿತೆಯನ್ನು ಎಳೆದು ತೆಗೆಯುತ್ತಾನೆ. ಓದುವಾಗ ರೇಖಾಗಣಿತದ ಸುಖ ಸಿಗುತ್ತದೆ. ಮನುಷ್ಯರ ಬಗ್ಗೆ ಓದುತ್ತಿದ್ದೇವೆ ಎಂಬುದು ಪುಟಗಟ್ಟಲೆ ಮರೆತೇ ಹೋಗಿರುತ್ತದೆ.

ಆದರೂ 1969ರ ಜೂನಿನಲ್ಲಿ, ವಿಯೆಟ್ನಾಂ ಯುದ್ಧದ ಕಾವಿನಲ್ಲಿ, ಅವನು ತನ್ನ ಲಿಬರ್ಟೇರಿಯನ್ ಫೋರಂ ಪತ್ರಿಕೆಯಲ್ಲಿ ಬರೆದ ಸಣ್ಣ ಲೇಖನವೊಂದಿದೆ. ಸರ್ಕಾರದ ಆಸ್ತಿ ಕದ್ದ ಮಾಲು. ಹಾಗಾದರೆ ಸರ್ಕಾರಿ ಗುತ್ತಿಗೆಯಿಂದಲೇ ಬದುಕುವ ಜನರಲ್ ಡೈನಮಿಕ್ಸ್‌ನಂಥ ಶಸ್ತ್ರಾಸ್ತ್ರ ಕಂಪನಿ ಖಾಸಗಿ ಎನಿಸಿಕೊಳ್ಳುವುದು ಹೇಗೆ? ಅದನ್ನು ಅಲ್ಲಿಯ ಕಾರ್ಮಿಕರು ವಹಿಸಿಕೊಂಡರೆ ತಪ್ಪೇನು? ಕೊಲಂಬಿಯಾ ವಿಶ್ವವಿದ್ಯಾಲಯವನ್ನು ವಿದ್ಯಾರ್ಥಿಗಳು, ಅಧ್ಯಾಪಕರು ವಹಿಸಿಕೊಂಡರೆ? ಗುಲಾಮಗಿರಿ ರದ್ದಾದಾಗ ತೋಟಗಳು ಅಲ್ಲಿ ದುಡಿದವರಿಗೇ ಸೇರಬೇಕಿತ್ತು ಎಂಬುದೂ ಅವನ ನಿಲುವು. ಆ ದಿನಗಳ ಅವನ ಗೆಳೆಯ ಕಾರ್ಲ್ ಹೆಸ್. ರಿಪಬ್ಲಿಕನ್ ರಾಜಕಾರಣಿ ಗೋಲ್ಡ್‌ವಾಟರ್‌ಗೆ ಭಾಷಣ ಬರೆದುಕೊಡುತ್ತಿದ್ದವನು ತೆರಿಗೆ ಕಟ್ಟುವುದಿಲ್ಲವೆಂದು ಪಟ್ಟು ಹಿಡಿದ. ತೆರಿಗೆ ಇಲಾಖೆ ಅವನ ಆಸ್ತಿಯ ಮೇಲೆ ಹಕ್ಕು ಹೂಡಿತು. ಹೆಸ್ ವೆಲ್ಡಿಂಗ್ ಕಲಿತು, ಕೂಲಿಗೆ ಕಾಸಿನ ಬದಲು ಸಾಮಾನು ಪಡೆದು ಬದುಕತೊಡಗಿದ. ವಾಷಿಂಗ್ಟನ್ನಿನ ಆಡಮ್ಸ್ ಮಾರ್ಗನ್ ಕೇರಿಯಲ್ಲಿ ನೆರೆಹೊರೆಯವರೊಂದಿಗೆ ನೆಲಮಾಳಿಗೆಯ ತೊಟ್ಟಿಗಳಲ್ಲಿ ಟ್ರೌಟ್ ಮೀನು ಸಾಕಿದ, ತಾರಸಿಗಳ ಮೇಲೆ ಸೊಪ್ಪು-ತರಕಾರಿ ಬೆಳೆಸಿದ. ಸರ್ಕಾರವನ್ನು ವಿರೋಧಿಸುವುದೆಂದರೆ ಮೊದಲು ಅದರ ಅಗತ್ಯವನ್ನು ತಗ್ಗಿಸುವುದು ಎಂದು ಕೈಯಾರೆ ಮಾಡಿ ನೋಡಿದವರು ಈ ಗುಂಪಿನಲ್ಲಿ ವಿರಳ. ಕೇರಿಯ ಪ್ರಯೋಗ ಕೆಲವು ವರ್ಷಗಳಲ್ಲೇ ಮುಗಿಯಿತು, ಹೆಸ್ ವೆಸ್ಟ್ ವರ್ಜೀನಿಯಾದ ಹಳ್ಳಿಗೆ ಹೋದ. ಆ ಸೋಲನ್ನೂ ನಾನು ರಾತ್‌ಬಾರ್ಡ್‌ನ ಹಲವು ಗೆಲುವಿಗಿಂತ ಮೇಲೆ ಇಡುತ್ತೇನೆ.

ಉತ್ತವನಿಗೆ ನೆಲ ಎಂಬ ರಾತ್‌ಬಾರ್ಡ್ ತತ್ವ ಕನ್ನಡಿಗರಿಗೆ ಹೊಸದಲ್ಲ. ದೇವರಾಜ ಅರಸು ಕಾಲದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವವನೇ ಹೊಲದೊಡೆಯ ಎಂಬುದು ಊರೂರಿನ ಮಾತಾಯಿತು. ಗೇಣಿದಾರ ಫಾರಂ 7 ತುಂಬಿ ಅರ್ಜಿ ಹಾಕಬೇಕು, ತಾಲ್ಲೂಕಿನ ನ್ಯಾಯಮಂಡಳಿ ವಿಚಾರಿಸಬೇಕು. ಉಪವಿಭಾಗಾಧಿಕಾರಿ ಅಧ್ಯಕ್ಷ, ಜೊತೆಗೆ ನಾಮಕರಣಗೊಂಡ ಸದಸ್ಯರು, ಅವರಲ್ಲೊಬ್ಬರು ಪರಿಶಿಷ್ಟರು. ವಕೀಲರಿಗೆ ಮೊದಲು ಪ್ರವೇಶವಿರಲಿಲ್ಲ. ತಲೆಮಾರುಗಳಿಂದ ಗೇಣಿ ಅಳೆದುಕೊಟ್ಟವರು ಹೀಗೆ ಒಡೆಯರಾದರು. ತತ್ವ ರಾತ್‌ಬಾರ್ಡ್ ಒಪ್ಪಬೇಕಾದ್ದೇ. ಮಾಡಿದ್ದು ಸರ್ಕಾರ, ಮೊಹರು ಒತ್ತಿದ್ದು ಕಂದಾಯ ಇಲಾಖೆ. ಒಡೆಯರ ಮಾತೇ ಅಂತಿಮವಾಗಿದ್ದ ಊರಿನಲ್ಲಿ ಬೇರೆ ಯಾವ ರಕ್ಷಣಾ ಏಜೆನ್ಸಿ ಗೇಣಿದಾರನ ಪರ ನಿಲ್ಲುತ್ತಿತ್ತು, ಯಾವ ಶುಲ್ಕಕ್ಕೆ? ಅಮೆರಿಕದಲ್ಲೂ 1865ರಲ್ಲಿ ಜನರಲ್ ಶೆರ್ಮನ್ ಬಿಡುಗಡೆಯಾದ ಗುಲಾಮರಿಗೆ 40 ಎಕರೆಯಂತೆ ಕೊಡಿಸಿದ್ದು ಸೇನಾ ಆದೇಶದಿಂದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಳೆಯ ಒಡೆಯರಿಗೆ ಮರಳಿಸಿದ್ದೂ ಆದೇಶದಿಂದಲೇ. ಕಿತ್ತ ಆಸ್ತಿಯನ್ನು ಮರಳಿಸುವ ಯಂತ್ರ ಯಾವುದು ಎಂಬ ಪ್ರಶ್ನೆಗೆ ಈ ಪರಂಪರೆಯಲ್ಲಿ ಗಟ್ಟಿ ಉತ್ತರ ಇಲ್ಲ.

ರಾತ್‌ಬಾರ್ಡ್ ಕೊನೆಗೆ ಪ್ರಶ್ನೆಯನ್ನೇ ಮೆತ್ತಗೆ ಮಾಡಿದ. 1982ರ ದಿ ಎಥಿಕ್ಸ್ ಆಫ್ ಲಿಬರ್ಟಿಯಲ್ಲಿ ಅವನ ತೀರ್ಮಾನ ಹೀಗಿದೆ: ಆಸ್ತಿ ಹಿಂದೆಂದೋ ಕದ್ದದ್ದೇ ಇರಬಹುದು, ಆದರೆ ಕಳೆದುಕೊಂಡವನನ್ನಾಗಲಿ ಅವನ ವಾರಸುದಾರನನ್ನಾಗಲಿ ಗುರುತಿಸಲಾಗದಿದ್ದರೆ, ಈಗಿರುವವನು ತಾನೇ ಕದ್ದವನಲ್ಲದಿದ್ದರೆ, ಆಸ್ತಿ ಅವನದೇ. ಕಾನೂನಿನ ದೃಷ್ಟಿಯಿಂದ ಇದು ಅಸಂಬದ್ಧವಲ್ಲ. ಆದರೆ ಕಾಗದಪತ್ರ ಇಟ್ಟುಕೊಳ್ಳಲು ಯಾರಿಗೆ ಸಾಧ್ಯವಾಗಿತ್ತು? ಬ್ರಿಟಿಷ್ ಪಾರ್ಲಿಮೆಂಟು 1604ರಿಂದ 1914ರ ನಡುವೆ 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿ ಸುಮಾರು 68 ಲಕ್ಷ ಎಕರೆ ಗೋಮಾಳ, ಬಯಲು, ಸಾಮೂಹಿಕ ಹೊಲಗಳಿಗೆ ಬೇಲಿ ಹಾಕಿಸಿತು. ಅಲ್ಲಿ ಒಂದು ಹಸು ಮೇಯಿಸಿಕೊಂಡಿದ್ದವನ ಹೆಸರು ಯಾವ ದಫ್ತರದಲ್ಲೂ ಇಲ್ಲ. ಬೇಲಿ ಹಾಕಿದವನ ಹೆಸರು ಇದೆ. ಗುರುತು ಉಳಿಯದಷ್ಟು ಚೆನ್ನಾಗಿ ಕಿತ್ತುಕೊಂಡವನೇ ಈ ನಿಯಮದಲ್ಲಿ ಗೆಲ್ಲುತ್ತಾನೆ.

ಅಲ್ಲಿಂದ ಮುಂದಿನ ಇಳಿಜಾರು ಬೇಗ. 1992ರಲ್ಲಿ ರಾತ್‌ಬಾರ್ಡ್ ಬಲಪಂಥೀಯ ಜನಪ್ರಿಯತೆಯ ಕಾರ್ಯಕ್ರಮವೊಂದನ್ನು ಬರೆದ. ಪೊಲೀಸರ ಕೈಕಟ್ಟು ಬಿಚ್ಚಬೇಕು, ಬೀದಿಗಳಿಂದ ಅಲೆಮಾರಿಗಳನ್ನು ಓಡಿಸಬೇಕು ಎಂಬುದೂ ಅದರಲ್ಲಿತ್ತು. ಅಂದಿನ ಚುನಾವಣೆಯಲ್ಲಿ ಆಮದು ಸುಂಕದ ಪರವಾಗಿದ್ದ ಪ್ಯಾಟ್ ಬ್ಯುಕ್ಯಾನನ್ ಬೆನ್ನಿಗೆ ನಿಂತ. ಪೊಲೀಸು ಸರ್ಕಾರದ್ದು, ಬೀದಿಯೂ ಸರ್ಕಾರದ್ದು. ಅಲೆಮಾರಿಯ ವಿರುದ್ಧ ಮಾತ್ರ ಎರಡೂ ಪವಿತ್ರ. ಅವನ ಶಿಷ್ಯ ಹಾನ್ಸ್-ಹರ್ಮಾನ್ ಹೊಪ್ಪೆ 2001ರ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಸ್ತಿವಂತರ ಒಡಂಬಡಿಕೆಯ ಸಮಾಜದಿಂದ ಒಗ್ಗದವರನ್ನು ಹೊರಹಾಕುವುದೇ ವ್ಯವಸ್ಥೆಯ ಆಧಾರ ಎಂದರು. ಜಮೀನ್ದಾರಿ ಹೊಸ ವ್ಯಾಕರಣದಲ್ಲಿ ಮರಳಿ ಬಂದಂತಾಯಿತು.

ಸರ್ಕಾರವಿಲ್ಲದ ಸಮಾಜ ನಡೆದಿತ್ತೇ ಎಂದು ಕೇಳಿದರೆ ಇವರೆಲ್ಲ ತೋರಿಸುವುದು ಐಸ್‌ಲ್ಯಾಂಡ್. ಈ ಪಂಥದ ಅರ್ಥಶಾಸ್ತ್ರಜ್ಞ ಡೇವಿಡ್ ಫ್ರೀಡ್‌ಮನ್ 1979ರ ಲೇಖನದಲ್ಲಿ ಅದನ್ನು ಪ್ರಸಿದ್ಧಿಗೆ ತಂದರು. 930ರಲ್ಲಿ ಸೇರಿದ ಆಲ್‌ಥಿಂಗ್ ಸಭೆಗೆ ಕಾನೂನು ಇತ್ತು, ಜಾರಿ ಮಾಡುವ ಅಧಿಕಾರಿ ಇರಲಿಲ್ಲ. ಕಾನೂನು ಹೇಳುವವನೊಬ್ಬ ವರ್ಷಕ್ಕೆ ಮೂರನೇ ಒಂದು ಭಾಗದಂತೆ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ನಾಯಕತ್ವವನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ನಾಯಕ ಹಿಡಿಸದಿದ್ದರೆ ಹಿಂಬಾಲಕ ಇನ್ನೊಬ್ಬನ ಕಡೆ ಹೋಗಬಹುದಿತ್ತು. ಕೊಲೆಗೂ ಪರಿಹಾರದ ಹಣ. ವಸೂಲಿ ಮಾಡಲಾಗದ ಬಡವ ತನ್ನ ದಾವೆಯನ್ನೇ ಬಲಿಷ್ಠನಿಗೆ ವರ್ಗಾಯಿಸಬಹುದಿತ್ತು. ಸುಮಾರು ಮೂರು ಶತಮಾನ ನಡೆದ ವ್ಯವಸ್ಥೆಯನ್ನು ತಮಾಷೆ ಎನ್ನಲಾಗದು. ಆದರೆ ಸ್ವಂತ ಮನೆಯಿಲ್ಲದವನು ಯಾವನಾದರೂ ರೈತನ ಮನೆಗೆ ಸೇರಿರಲೇಬೇಕು ಎಂಬ ಕಟ್ಟಳೆಯೂ ಆ ಕಾನೂನಿನಲ್ಲಿತ್ತು, ಆರಂಭದ ಕಾಲದಲ್ಲಿ ಗುಲಾಮರೂ ಇದ್ದರು. ಆಯ್ಕೆಯ ಸ್ವಾತಂತ್ರ್ಯ ಮನೆ ಯಜಮಾನರದು. ಕೊಳ್ಳಬಹುದಾದ ನಾಯಕತ್ವಗಳು ಕೊನೆಗೆ ಬೆರಳೆಣಿಕೆಯ ಮನೆತನಗಳ ಕೈಸೇರಿದವು, ಆ ಮನೆತನಗಳು ಹೊಡೆದಾಡಿದವು, 1262ರಿಂದ ದೇಶ ನಾರ್ವೆಯ ದೊರೆಗೆ ಶರಣಾಯಿತು. ಇದಕ್ಕೆ ಇದೇ ಪಂಥದ ತತ್ವಶಾಸ್ತ್ರಜ್ಞ ರಾಡರಿಕ್ ಲಾಂಗ್ ಕೊಡುವ ವಿವರಣೆ, ಹನ್ನೊಂದನೆಯ ಶತಮಾನದ ಕೊನೆಗೆ ಬಂದ ಚರ್ಚಿನ ದಶಮಾಂಶ ತೆರಿಗೆ. ಚರ್ಚಿನ ಒಡೆಯರಾದ ನಾಯಕರಿಗೆ ಪೈಪೋಟಿಯಿಲ್ಲದ ವರಮಾನ ಸಿಕ್ಕಿತು, ಅದರಿಂದ ಕೆಟ್ಟಿತು ಎಂದು. ವಿವರಣೆಯಲ್ಲಿ ಹುರುಳಿದೆ, ಆದರೆ ಅದರ ಸವಲತ್ತನ್ನು ಗಮನಿಸಿ. ವ್ಯವಸ್ಥೆ ನಡೆದರೆ ಮಾರುಕಟ್ಟೆಯ ಮಹಿಮೆ, ಕೆಟ್ಟರೆ ಸರ್ಕಾರದ ಸೋಂಕು. ಆ ತೆರಿಗೆಯನ್ನು ತಂದವರೂ ಆ ನಾಯಕರೇ ಎಂಬುದು ಹಿಂದೆ ಸರಿಯುತ್ತದೆ.

ಜೈಲು-ಪೊಲೀಸು ಇಲ್ಲದಿದ್ದರೆ ಶಿಕ್ಷೆ ಹೇಗೆ? ಬಹಿಷ್ಕಾರ, ಎನ್ನುತ್ತಾರೆ. ಕೆಟ್ಟವನ ಜೊತೆ ಯಾರೂ ವ್ಯವಹರಿಸದಿದ್ದರೆ ಅವನು ತಾನಾಗಿ ದಾರಿಗೆ ಬರುತ್ತಾನೆ, ಇದರಲ್ಲಿ ಹಿಂಸೆಯಿಲ್ಲ, ಎಲ್ಲರೂ ತಂತಮ್ಮ ಹಕ್ಕನ್ನು ಚಲಾಯಿಸುತ್ತಿದ್ದಾರಷ್ಟೆ. ಇದನ್ನು ವಿವರಿಸುವ ಅವರ ಪುಟಗಳನ್ನು ನಮ್ಮಲ್ಲಿ ಯಾರೂ ನಿರಾಳವಾಗಿ ಓದಲಾರರು. ಬಾವಿ ಮುಚ್ಚಿ, ಅಂಗಡಿಯಲ್ಲಿ ಸಾಮಾನು ಕೊಡದೆ, ಕೂಲಿಗೆ ಕರೆಯದೆ ಒಂದು ಕೇರಿಯನ್ನೇ ಮಣಿಸುವ ವಿದ್ಯೆಗೆ ಸರ್ಕಾರ ಬೇಕಾಗಿಲ್ಲ. ತಲೆತಲಾಂತರದಿಂದ ಅದು ಸರ್ಕಾರದ ಕಣ್ಣಿನಾಚೆಯೇ ನಡೆದಿದೆ. ಅಂಬೇಡ್ಕರ್ 1947ರಲ್ಲಿ ಸಂವಿಧಾನ ಸಭೆಗೆಂದು ಬರೆದ ಮನವಿಯಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವಾಗಿಸಬೇಕೆಂದು ಕಲಮು ಕಲಮಾಗಿ ಕೇಳಿದರು. ಜಾತಿ ಪಂಚಾಯಿತಿಗಳ ಕಾಟ ತಡೆಯಲು ಮಹಾರಾಷ್ಟ್ರ 2016ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಸರ್ಕಾರದ ಹೊರಗೆ ಹುಟ್ಟುವ ಅಧಿಕಾರಕ್ಕೆ ಈ ಪರಂಪರೆಯ ಶಬ್ದಕೋಶದಲ್ಲಿ ಹೆಸರಿಲ್ಲ. ಬಂದೂಕಿಲ್ಲದ ಕಡೆ ಬಲಾತ್ಕಾರವೂ ಇಲ್ಲ ಎಂದು ಅದು ಮೊದಲೇ ತೀರ್ಮಾನಿಸಿಬಿಟ್ಟಿದೆ.

ಭಾರತದಲ್ಲಿ ಈ ವಿಚಾರಗಳಿಗೆ ಒಂದು ಸಣ್ಣ ಶಾಖೆಯಿತ್ತು. ಮೈಸೂರು ಸೀಮೆಯ ಮೂಲದ ಮಂಡಯಂ ಅಯ್ಯಂಗಾರ್ ಮನೆತನದ ಎಂ.ಪಿ.ಟಿ. ಆಚಾರ್ಯ 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲೊಬ್ಬರು. ಬೇಗನೆ ಅದರಿಂದ ಹೊರಬಂದು ಅರಾಜಕತಾವಾದಿಯಾದರು, 1954ರಲ್ಲಿ ಮುಂಬೈಯಲ್ಲಿ ಕಡುಬಡತನದಲ್ಲಿ ತೀರಿಕೊಂಡರು. ಅವರಿಗೆ ಆಸರೆಯಾಗಿದ್ದ ಉದ್ಯಮಿ ರಣಛೋಡದಾಸ್ ಲೋಟ್ವಾಲಾ ಅವರ ಸಂಸ್ಥೆ ಮಾರ್ಕ್ಸ್‌ವಾದದಿಂದ ಅರಾಜಕತೆಯ ಕಡೆ ಹೊರಳಿ, ಐವತ್ತರ ದಶಕದ ಇಂಡಿಯನ್ ಲಿಬರ್ಟೇರಿಯನ್ ಪತ್ರಿಕೆಯ ಹೊತ್ತಿಗೆ ಮುಕ್ತ ಆರ್ಥಿಕತೆ ಮತ್ತು ಸೀಮಿತ ಸರ್ಕಾರಕ್ಕೆ ಬಂದು ನಿಂತಿತ್ತು. ಅಮೆರಿಕದವರು ನೂರು ವರ್ಷದಲ್ಲಿ ನಡೆದ ದಾರಿಯನ್ನು ಮುಂಬೈ ಒಂದು ತಲೆಮಾರಿನಲ್ಲಿ ನಡೆದು ಮುಗಿಸಿತು.

ಇತ್ತೀಚಿನವರಲ್ಲಿ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದವರು ಅಮೆರಿಕದ ಲೇಖಕ ಕೆವಿನ್ ಕಾರ್ಸನ್. ಬೇಲಿ ಕಾಯ್ದೆಗಳು, ರೈಲು ಕಂಪನಿಗಳಿಗೆ ದಾನವಾದ ಕೋಟ್ಯಂತರ ಎಕರೆ, ಪೇಟೆಂಟು, ಹೆದ್ದಾರಿಯ ಸಬ್ಸಿಡಿ ಇವನ್ನೆಲ್ಲ ಒಂದೊಂದಾಗಿ ಕಳೆಯುತ್ತ ಹೋಗಿ, ಕೊನೆಗೆ ಉಳಿಯುವ ಬಂಡವಾಳಶಾಹಿ ಎಷ್ಟು ಎಂದು ಲೆಕ್ಕ ಕೇಳುತ್ತಾರೆ. ಇಂದಿನ ಕಂಪನಿಗಳ ಗಳಿಕೆಯನ್ನು ಮುಕ್ತ ಮಾರುಕಟ್ಟೆಯ ಫಲವೆಂಬಂತೆ ಸಮರ್ಥಿಸುವ ತಮ್ಮದೇ ಬಳಗದವರನ್ನು ಅವರು ಝಾಡಿಸುವ ಪರಿ ಓದಲು ಚೆನ್ನ. ಬಡವನ ನೆರವನ್ನು ಮೊದಲು ಕತ್ತರಿಸಿ, ಶ್ರೀಮಂತನ ಸವಲತ್ತನ್ನು ಆಮೇಲೆ ನೋಡೋಣ ಎನ್ನುವ ಸುಧಾರಣೆ ಅವರ ಪ್ರಕಾರ ಕಾಲು ಮುರಿದವನೇ ಊರುಗೋಲನ್ನೂ ಕಿತ್ತುಕೊಂಡಂತೆ. ಇಡೀ ಪರಂಪರೆಯಲ್ಲಿ ಇವತ್ತು ಓದಬೇಕಾದ ಭಾಗ ಇದೇ ಎಂದು ನನ್ನ ಅಭಿಪ್ರಾಯ. ಕಾಸು ಮತ್ತು ಪ್ರಭಾವ ಮಾತ್ರ ಇನ್ನೊಂದು ಕಡೆ ಹರಿದಿದೆ.

ಆ ಇನ್ನೊಂದು ಕಡೆ ಎಲ್ಲಿಗೆ ಮುಟ್ಟಿದೆ ಎಂದು ತಿಳಿಯಲು ಹೊಂಡುರಾಸಿನ ರೊವಾಟಾನ್ ದ್ವೀಪ ನೋಡಬೇಕು. 2013ರ ಕಾನೂನಿನಡಿ ಅಲ್ಲಿ ಪ್ರಾಸ್ಪೆರಾ ಎಂಬ ಖಾಸಗಿ ಪಟ್ಟಣ ಎದ್ದಿತು. ತೆರಿಗೆ, ನಿಯಮ, ವ್ಯಾಜ್ಯ ತೀರ್ಮಾನ ಎಲ್ಲ ಕಂಪನಿಯದೇ. ಪಕ್ಕದ ಕ್ರಾಫಿಶ್ ರಾಕ್ ಹಳ್ಳಿಯ ಮೀನುಗಾರರಿಗೆ ತಮ್ಮ ನೆಲವೂ ಹೋದೀತೆಂಬ ಭಯ, ಏಕೆಂದರೆ ಇಂಥ ವಲಯಗಳಿಗಾಗಿ ಸರ್ಕಾರ ಜಮೀನು ಸ್ವಾಧೀನ ಮಾಡಲು ಆ ಕಾನೂನಿನಲ್ಲೇ ಅವಕಾಶವಿತ್ತು. ತನಗದು ಬೇಡ ಎಂದು ಕಂಪನಿ ಹೇಳಿತು, ಹಳ್ಳಿಯವರು ನಂಬಲಿಲ್ಲ. 2022ರಲ್ಲಿ ಹೊಸ ಸರ್ಕಾರದ ಕಾಲದಲ್ಲಿ ಕಾನೂನು ರದ್ದಾಯಿತು. ಆಗ ಕಂಪನಿ ಮಾಡಿದ್ದೇನು? ಸರ್ಕಾರಗಳು ಸರ್ಕಾರಗಳೊಂದಿಗೆ ಮಾಡಿಕೊಂಡ ವ್ಯಾಪಾರ ಒಪ್ಪಂದವೊಂದನ್ನು ಹಿಡಿದು, ವಿಶ್ವಬ್ಯಾಂಕಿನ ಅಂಗವಾದ ಪಂಚಾಯಿತಿ ಪೀಠದ ಮುಂದೆ, 1,000 ಕೋಟಿ ಡಾಲರಿಗೂ ಮೀರಿದ ಪರಿಹಾರ ಕೇಳಿ ಮೊಕದ್ದಮೆ ಹೂಡಿತು. ಗೆದ್ದರೆ ಆ ಹಣ ಬರಬೇಕಾದದ್ದು ಹೊಂಡುರಾಸಿನ ತೆರಿಗೆದಾರರಿಂದ. ತೆರಿಗೆಯೆಂದರೆ ಕಳವು ಎನ್ನುವ ತತ್ವದ ನೆರಳಲ್ಲಿ ಹುಟ್ಟಿದ ಪಟ್ಟಣ ಇದು.

ಬೆಂಜಮಿನ್ ಟಕ್ಕರನಿಗೆ ಇದು ಅಚ್ಚರಿ ತರುತ್ತಿರಲಿಲ್ಲ. 1908ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿದ್ದ ಅವನ ಪುಸ್ತಕ ದಾಸ್ತಾನು ಬೆಂಕಿಗೆ ಆಹುತಿಯಾಯಿತು. ಪತ್ರಿಕೆ ನಿಂತಿತು, ಅವನು ಕುಟುಂಬದೊಂದಿಗೆ ಯುರೋಪಿಗೆ ಹೋದ. 1911ರಲ್ಲಿ ತನ್ನ ಹಳೆಯ ಪ್ರಬಂಧವೊಂದನ್ನು ಮರುಮುದ್ರಿಸುವಾಗ ಕೊನೆಯಲ್ಲಿ ಒಂದು ಟಿಪ್ಪಣಿ ಸೇರಿಸಿದ. ಬರೆದ ಕಾಲಕ್ಕೆ ನಾಲ್ಕು ಏಕಸ್ವಾಮ್ಯಗಳನ್ನು ತೆಗೆದಿದ್ದರೆ ಸಾಕಾಗುತ್ತಿತ್ತು. ಈಗ ಅವುಗಳ ಆಸರೆಯಲ್ಲಿ ಬೆಳೆದ ಬಂಡವಾಳ ಎಷ್ಟು ದೈತ್ಯವಾಗಿದೆಯೆಂದರೆ ನಾಳೆಯೇ ಅವನ್ನು ತೆಗೆದರೂ ಬರಿಯ ಪೈಪೋಟಿಯಿಂದ ಅದನ್ನು ಮುರಿಯಲಾಗದು, ಸ್ವಲ್ಪ ಕಾಲ ರಾಜಕೀಯ ಇಲ್ಲವೇ ಕ್ರಾಂತಿಯ ಬಲವೇ ಆ ಕೆಲಸ ಮಾಡಬೇಕಾದೀತು ಎಂಬುದು ಅದರ ಸಾರ. ಮೂವತ್ತು ವರ್ಷ ಸರ್ಕಾರದ ವಿರುದ್ಧ ಬರೆದವನು ಒಪ್ಪಿಕೊಂಡ ಮಾತು ಇದು. 1939ರಲ್ಲಿ ಮೊನಾಕೋದಲ್ಲಿ ಸಾಯುವವರೆಗೂ ಆ ಬಲ ಯಾವುದು, ಅದನ್ನು ಹಿಡಿದವರಿಗೆ ಕಡಿವಾಣ ಯಾರು ಎಂದು ಅವನು ಬಿಡಿಸಿ ಹೇಳಲಿಲ್ಲ. ಅವನ ನಂತರದವರಲ್ಲಿ ಕಾರ್ಸನ್ ಪಂಗಡ ಪೈಪೋಟಿಯ ಮೇಲೆ ಮತ್ತೆ ಭರವಸೆಯಿಟ್ಟು ಕಾಯುತ್ತಿದೆ. ಮಿಲೇ ಪಂಗಡ ಬಲವನ್ನೇನೋ ಹಿಡಿದಿದೆ, ಏಕಸ್ವಾಮ್ಯಗಳ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆದುಕೊಂಡಿದೆ: ಅದರಲ್ಲಿ ಪಿಂಚಣಿ, ವಿಶ್ವವಿದ್ಯಾಲಯ, ಕಾರ್ಮಿಕ ಸಂಘ ಇವೆ, ಜಮೀನು, ಬ್ಯಾಂಕು ಇಲ್ಲ.